ಹುದ್ದೆ ದೊಡ್ಡದಿದ್ದರೆ ಸಾಕಾ?

ವಿದೇಶದಲ್ಲಿ ಓದಲು ಬೇಕಾದ ಶಿಫಾರಸು ಪತ್ರವನ್ನು ಪ್ರಿನ್ಸಿಪಾಲರಿಂದಲೋ ವಿಭಾಗದ ಮುಖ್ಯಸ್ಥರಿಂದಲೋ (ಎಚ್‌ಒಡಿ) ಬರೆಸಿದರೆ ತೂಕ ಜಾಸ್ತಿ ಎಂದು ನಿಮ್ಮ ಲೇಖನದಲ್ಲಿ ಹೇಳಿದ್ದೀರಿ. ನನಗೆ ಹಾಗನ್ನಿಸುವುದಿಲ್ಲ. ನನ್ನ ತಂಗಿ ಇಲ್ಲೇ ದಾವಣಗೆರೆಯಲ್ಲಿ ಇಂಜಿನಿಯರಿಂಗ್ ಮುಗಿಸಿ ಅಮೆರಿಕದಲ್ಲಿ ಎಂಎಸ್ ಮಾಡಲು ಅರ್ಜಿ ಹಾಕಿದಳು. ಅಲ್ಲಿ ಸಾಮಾನ್ಯವಾಗಿ 3 ಪತ್ರ ಕೇಳುತ್ತಾರೆ. ಮೊದಲು ಹೋಗಿದ್ದು ದೊಡ್ಡ ಸರ್ ಹತ್ತಿರವೇ. "ನೀನೇ ಬರ್ಕೊಂಡು ಬಾರಮ್ಮ, ಸೈನ್ ಹಾಕ್ತೀನಿ" ಅಂದರು. ಅವರಿಗೆ ಇವಳ ಹೆಸರೂ ನೆನಪಿರಲಿಲ್ಲ, ಪಾಪ.

ಆಮೇಲೆ ಪ್ರಾಜೆಕ್ಟ್ ಗೈಡ್ ಮೇಡಂ ಹತ್ತಿರ ಹೋದಳು. ತೋಟದ ಬೋರ್‌ವೆಲ್ ಮೋಟರನ್ನು ಮೊಬೈಲಿನಿಂದ ಆನ್ ಮಾಡುವ ಪ್ರಾಜೆಕ್ಟ್ ಅದು. ಡೆಮೊ ಹಿಂದಿನ ದಿನ ಸರ್ಕ್ಯೂಟ್ ಸುಟ್ಟು ಹೋಯಿತು. ಇವಳು ಲ್ಯಾಬಿನಲ್ಲೇ ಕೂತು ಸರಿ ಮಾಡಿದ್ದನ್ನು ಮೇಡಂ ಕಣ್ಣಾರೆ ಕಂಡಿದ್ದರು. ಅದನ್ನೇ ಬರೆದರು. "ಶ್ರಮಜೀವಿ, ವಿನಯವಂತೆ" ಅಂತ ಹತ್ತು ಸಾಲು ಹೊಗಳುವುದಕ್ಕಿಂತ ಇದು ಮೇಲಲ್ವಾ? ತಂಗಿಯೂ ಒಂದೂವರೆ ತಿಂಗಳು ಮೊದಲೇ ಮಾರ್ಕ್ಸ್‌ ಕಾರ್ಡ್, ಎಸ್‌ಒಪಿ (ಯಾಕೆ ಓದಬೇಕೆಂದಿದ್ದೇನೆ ಎಂದು ತಾನೇ ಬರೆದ ಪ್ರಬಂಧ), ಕೊನೆಯ ದಿನಾಂಕಗಳ ಪಟ್ಟಿ ಎಲ್ಲ ಕೊಟ್ಟಿದ್ದಳು.

ಇನ್ನೊಂದು ಮಾತು ಲೇಖನದಲ್ಲಿ ಬಿಟ್ಟುಹೋಗಿದೆ. ಪತ್ರ ನಮ್ಮ ಕೈಗೆ ಬರುವುದಿಲ್ಲ. ಪತ್ರ ಅಪ್‌ಲೋಡ್ ಮಾಡುವ ಲಿಂಕ್ ನೇರವಾಗಿ ಮೇಷ್ಟ್ರ ಇಮೇಲ್‌ಗೆ ಹೋಗುತ್ತದೆ, ಅದೂ ಕಾಲೇಜಿನ ಐಡಿ ಇದ್ದರೆ ಒಳ್ಳೆಯದು. ಆ ಐಡಿಯನ್ನು ತೆರೆದು ನೋಡುವ ಮೇಷ್ಟ್ರು ಎಷ್ಟು ಜನ ಇದ್ದಾರೆ ಹೇಳಿ! ಸ್ಪ್ಯಾಮ್ ಫೋಲ್ಡರ್ ನೋಡಿ ಸರ್ ಅಂತ ನೆನಪಿಸುತ್ತಲೇ ಇರಬೇಕು. ಪತ್ರ ನೋಡುವ ಹಕ್ಕನ್ನು ಬಿಟ್ಟುಕೊಡುತ್ತೀರಾ ಎಂದೂ ಫಾರ್ಮಿನಲ್ಲಿ ಕೇಳುತ್ತಾರೆ. ಅದು ವಿದ್ಯಾರ್ಥಿಗೆ ತನ್ನ ಶೈಕ್ಷಣಿಕ ದಾಖಲೆ ನೋಡುವ ಹಕ್ಕು ಕೊಡುವ ಅಲ್ಲಿನ 1974ರ ಫೆರ್ಪಾ ಕಾನೂನಿನಿಂದ ಬಂದದ್ದು. ಹೆದರದೆ ಹೌದು ಅನ್ನಿ.