ಕಲಬುರಗಿಗೆ ಪಶ್ಚಿಮದ ಗಾಜು ಬೇಡ
ಪಶ್ಚಿಮಕ್ಕೆ ದೊಡ್ಡ ಗಾಜಿನ ಕಿಟಕಿ ಇಟ್ಟು 2 ಅಡಿ ಸಜ್ಜಾ (ಕಿಟಕಿ ಮೇಲಿನ ಚಾಚು) ಕೊಟ್ಟರೆ ಸಾಕು ಅಂತ ಮನೆ ಕಟ್ಟುವ ಬಗ್ಗೆ ಬಂದ ಲೇಖನವೊಂದರಲ್ಲಿದೆ. ಕಲಬುರಗಿಯಲ್ಲಿ ದಯವಿಟ್ಟು ಹೀಗೆ ಕಟ್ಟಿಸಬೇಡಿ. ನಾಲ್ಕು ಗಂಟೆ ಮೇಲೆ ಸೂರ್ಯ ಕೆಳಗಿಳಿದಿರುತ್ತಾನೆ, ಬಿಸಿಲು ಸಜ್ಜಾದ ಅಡಿಯಿಂದಲೇ ಒಳಗೆ ನುಗ್ಗುತ್ತದೆ. ಆ ಕಡೆ ಮೆಟ್ಟಿಲು, ಬಚ್ಚಲು ಬರಲಿ.

ಮಾಳಿಗೆಗೆ (ಮನೆಯ ಮೇಲ್ಛಾವಣಿಗೆ) ಆ ಲೇಖನ ಒಂದೇ ಸಾಲು ಕೊಟ್ಟಿದೆ, ಮನೆ ಹೆಚ್ಚು ಬಿಸಿಯಾಗುವುದೇ ಅಲ್ಲಿಂದ. ಶಹಾಬಾದ್ ಫರಸಿ (ಶಹಾಬಾದಿನ ಹಾಸುಗಲ್ಲು) ಹಾಸುವಾಗ ನೀರು ಹರಿಯಲು 10 ಅಡಿಗೆ ಒಂದೂಕಾಲು ಇಂಚು ವಾಟ (ಇಳಿಜಾರು) ಇರಲಿ. ಸೋರುವುದು ಸಾಮಾನ್ಯವಾಗಿ ಕಲ್ಲಿನಿಂದಲ್ಲ, ಸಂದಿಯಿಂದ: ಹಗಲು ಹಿಗ್ಗಿ ರಾತ್ರಿ ಕುಗ್ಗಿ, ಬರೀ ಸಿಮೆಂಟ್ ತುಂಬಿದ ಸಂದಿ ಕೂದಲೆಳೆಯಷ್ಟು ಬಿರಿಯುತ್ತದೆ, ನೀರಿಗೆ ಅಷ್ಟೇ ಸಾಕು. ಹಾಗಾಗಿ ಫರಸಿಗೆ ಮೊದಲು ಸ್ಲ್ಯಾಬಿಗೆ ವಾಟರ್‌ಪ್ರೂಫಿಂಗ್ ಮಾಡಿಸಿ, ಎರಡು ದಿನ ನೀರು ನಿಲ್ಲಿಸಿ, ಕೆಳಗಿನಿಂದ ತೇವ ನೋಡಿ. ಕಪ್ಪು ಫರಸಿ ಬಿಸಿಲು ಹೀರುತ್ತದೆ, ಬೇಸಿಗೆಗೆ ಮುಂಚೆ ಬಿಳಿ ಸುಣ್ಣ ಬಳಿಸಿ.

ಮಳೆನೀರನ್ನು ಬಿಡಲೇಬಾರದು. 1,000 ಚದರಡಿ ಮಾಳಿಗೆಗೆ ವರ್ಷಕ್ಕೆ 750 ಮಿ.ಮೀ. ಬಿದ್ದರೆ, ನಷ್ಟ ಕಳೆದು ಸುಮಾರು 55,000 ಲೀಟರ್ ಸಿಗುತ್ತದೆ. ಮೊದಲ ಮಳೆಯ ಸುಣ್ಣ, ಧೂಳಿನ ನೀರು ಹೊರಗೆ ಹೋಗಲಿ. ಇಂಗುಗುಂಡಿಯನ್ನು ಮಾತ್ರ ಪಾಯದ ಹತ್ತಿರ ತೋಡಬೇಡಿ. ನಮ್ಮ ಎರೆಮಣ್ಣು (ಕಪ್ಪು ಜೇಡಿಮಣ್ಣು) ನೀರು ಕುಡಿದು ಉಬ್ಬುತ್ತದೆ, ಬೇಸಿಗೆಗೆ ಒಣಗಿ ಕುಗ್ಗುತ್ತದೆ, ಗೋಡೆ ಕಿಟಕಿ ಮೂಲೆಯಿಂದ ಓರೆಯಾಗಿ ಸೀಳುತ್ತದೆ.