ಆರು ಸಾವಿರಕ್ಕೆ ಬೆರಳುದ್ದದ ರೋಬೋ

"ಇಷ್ಟ ಸಣ್ಣದಕ್ಕ ಎಷ್ಟ ಕೊಟ್ಟಿ?"

ಪೆಟ್ಟಿಗೆ ಬಿಚ್ಚಿದ ಕೂಡಲೇ ಅವ್ವ ಕೇಳಿದ್ದು ಇದೊಂದೇ. ಆರುನೂರು ಅಂದೆ. ಒಂದು ಸೊನ್ನೆ ನುಂಗಿದೆ. ಅಷ್ಟಕ್ಕೇ ಹಣೆ ಹಣೆ ಬಡಿದುಕೊಂಡಳು.

ಕಾರು ಇದ್ದದ್ದು ರೋಬೋ ಆಗುವ ಹಳದಿ ಆಟಿಕೆ ಇದು. ನಿಲ್ಲಿಸಿದರೆ 9 ಸೆಂಟಿಮೀಟರ್. ನೋಡಿದವರಿಗೆಲ್ಲ ಟ್ರಾನ್ಸ್‌ಫಾರ್ಮರ್ಸ್ ಕಾರ್ಟೂನಿನ ಬಂಬಲ್‌ಬೀ ಅಂತ ಗೊತ್ತಾಗುತ್ತದೆ, ಆದರೆ ಪೆಟ್ಟಿಗೆ ಮೇಲೆ ಆ ಹೆಸರು ಎಲ್ಲೂ ಇಲ್ಲ. ಇರೋದಕ್ಕೂ ಆಗಲ್ಲ. ಆ ಪಾತ್ರದ ಹಕ್ಕಿರುವ ಹಾಸ್‌ಬ್ರೋ, ಟಕಾರಾ ಟೋಮಿ ಕಂಪನಿಗಳ ಲೈಸೆನ್ಸ್ ಇಲ್ಲದೆ ಬೇರೆ ಯಾರೋ ಮಾಡಿದ್ದು. ನಮ್ಮ ಹುಚ್ಚಿನವರು ಇದಕ್ಕೆ ಥರ್ಡ್ ಪಾರ್ಟಿ ಅನ್ನುತ್ತಾರೆ. ಹಕ್ಕು ಒಬ್ಬರದು, ಲಾಭ ಇನ್ನೊಬ್ಬರದು ಅನ್ನೋ ತಕರಾರು ನನಗೂ ಗೊತ್ತಿದೆ. ಗೊತ್ತಿದ್ದೂ ಕೊಂಡೆ.

ಇದನ್ನು ನೋಡಿದ ಒಬ್ಬ ಗೆಳೆಯ, "ಕಾರ್ಟೂನಿನ ಹಾಗಿಲ್ಲ, ತಲೆ ದಪ್ಪ, ಭುಜ ಅಗಲ, ಏನೋ ವಿಚಿತ್ರ" ಅಂದ. ಇಲ್ಲೇ ನನ್ನ ಜಗಳ. ಈ ಪಾತ್ರ ಹುಟ್ಟಿದ್ದೇ ವಿಚಿತ್ರವಾಗಿ. 1984ರಲ್ಲಿ ಹಾಸ್‌ಬ್ರೋ ಟ್ರಾನ್ಸ್‌ಫಾರ್ಮರ್ಸ್ ಅಂತ ಮಾರಿದ್ದು ಬಹುಪಾಲು ಜಪಾನಿನ ಟಕಾರಾದವರ (ಈಗಿನ ಟಕಾರಾ ಟೋಮಿ) ಡಯಾಕ್ಲೋನ್ ಮತ್ತು ಮೈಕ್ರೋ ಚೇಂಜ್ ಆಟಿಕೆಗಳನ್ನು. ಮೈಕ್ರೋ ಚೇಂಜ್‌ನ ಆ ಪುಟ್ಟ ಫೋಕ್ಸ್‌ವ್ಯಾಗನ್ ಬೀಟಲ್ ಕಾರೇ ಬಂಬಲ್‌ಬೀ ಆಗಿದ್ದು. ಅದು ನಿಜವಾದ ಬೀಟಲ್ ಹಾಗೆ ಎಲ್ಲಿತ್ತು? ಹಿಂದೆ ಮುಂದೆ ಒತ್ತಿ ಗಿಡ್ಡ ಮಾಡಿದ ಗುಂಡುಗುಂಡು ಕಾರು. ಆಟಿಕೆ ಮೊದಲು, ಕಾರ್ಟೂನು ಆಮೇಲೆ. ಹಾಗಿರುವಾಗ ಯಾವುದರ ಹಾಗೆ ಇರಬೇಕು ಅಂತೀರಿ?

ನನಗಂತೂ ಇದರ ಭುಜ ನೋಡಿದರೆ ದೊಡ್ಡಾಟದ ಪಾತ್ರಧಾರಿ ನೆನಪಾಗುತ್ತಾನೆ. ಭುಜಕೀರ್ತಿ ಕಟ್ಟಿಕೊಂಡು ರಂಗಕ್ಕೆ ಬಂದರೆ ಮನುಷ್ಯ ಎರಡರಷ್ಟು ಕಾಣುತ್ತಾನಲ್ಲ, ಹಾಗೆ. ಸೊಂಟ ಸಣ್ಣ, ಪಾದ ದೊಡ್ಡ, ಗಲ್ಲ ಮುಂದೆ. ಟಿವಿ ಸ್ಟ್ಯಾಂಡಿನ ಮೇಲೆ, ಗೋಕಾಕದ ಕಟ್ಟಿಗೆ ಮಾವಿನಹಣ್ಣಿನ ಪಕ್ಕ ನಿಲ್ಲಿಸಿದ್ದೇನೆ. ಆ ಹಣ್ಣು ಥೇಟ್ ಹಣ್ಣಿನ ಹಾಗೇ ಇರಬೇಕು, ಬಂದವರು ಕೈ ಹಾಕಬೇಕು, ಅದರ ಗಮ್ಮತ್ತೇ ಅದು. ಇದರ ಗಮ್ಮತ್ತು ಬೇರೆ. ಬಾಗಿಲಿಂದ ನೋಡಿದರೂ ನಿಲುವು ಗೊತ್ತಾಗಬೇಕು. ಗೊತ್ತಾಗುತ್ತದೆ. ನೋಟಕ್ಕೆ ಪೂರ್ತಿ ಮಾರ್ಕು.

ಕೈಗೆ ತಗೊಂಡ ಮೇಲೆ ಕಥೆ ಬೇರೆ.

ನಾನು ಕೆಲಸ ಮಾಡೋದು ಬೆಳಗಾವಿ ಉದ್ಯಮಬಾಗದ ಒಂದು ಮಷಿನ್ ಶಾಪಿನಲ್ಲಿ, ಇನ್‌ಸ್ಪೆಕ್ಷನ್ ಟೇಬಲ್ ಮೇಲೆ. ದಿನವಿಡೀ ಪಿನ್ನು, ತೂತು, ಅವೆರಡರ ನಡುವಿನ ಸಂದು. ಆ ಚಟ ಮನೆಗೂ ಬಂದಿದೆ. ಎಡಗಾಲು ಬಿಗಿಯಾಗಿದೆ, ಬಲಗಾಲು ತೊಟ್ಟಿಲ ಹಾಗೆ ತೂಗುತ್ತದೆ. ಅಳತೆ ನೋಡೋ ವರ್ನಿಯರ್ ಹಿಡಿದೆ. ಎಡಗಡೆ ಪಿನ್ 3.00 ಮಿಲಿಮೀಟರ್, ಬಲಗಡೆ 2.90. ನಮ್ಮ ಟೇಬಲ್ ಮೇಲೆ ಬಂದಿದ್ದರೆ ನೇರ ರಿಜೆಕ್ಟ್ ಡಬ್ಬಿಗೆ. ದೊಡ್ಡ ಆಟಿಕೆಯಲ್ಲಿ ಕೀಲಿಗೆ ಹಲ್ಲಿನ ರ್‍ಯಾಚೆಟ್ ಹಾಕಬಹುದು, ಕಟಕಟ ಅಂತ ನಿಲ್ಲುತ್ತದೆ. ಇಷ್ಟು ಸಣ್ಣದರಲ್ಲಿ ಅದಕ್ಕೆ ಜಾಗ ಎಲ್ಲಿ? ಎಲ್ಲ ಭಾರ ಪ್ಲಾಸ್ಟಿಕ್ಕಿನ ತಿಕ್ಕಾಟದ ಮೇಲೆಯೇ. ಹಾಗಾಗಿ ಸಣ್ಣದಕ್ಕೇ ಅಳತೆ ಜಾಸ್ತಿ ಬಿಗಿ ಇರಬೇಕು. ಸಣ್ಣದಲ್ವಾ, ನಡೆಯುತ್ತೆ ಅಂತ ಬಿಟ್ಟಿದ್ದಾರೆ.

ಇದಕ್ಕಿಂತ ಸಿಟ್ಟು ಬಂದಿದ್ದು ಕಾರಿನ ಛಾವಣಿ ಕಂಡು. ಗಾಜು ಚೆನ್ನಾಗಿ ಕಾಣಲಿ ಅಂತ ಇಡೀ ತುಂಡನ್ನೇ ಪಾರದರ್ಶಕ ಪ್ಲಾಸ್ಟಿಕ್‌ನಲ್ಲಿ ಮಾಡಿ, ಮೇಲೆ ಹಳದಿ ಬಣ್ಣ ಬಳಿದಿದ್ದಾರೆ. ಅಲ್ಲಿಗೆ ನಿಲ್ಲಿಸಿದ್ದರೂ ಸರಿ ಅನ್ನಬಹುದಿತ್ತು. ಅದೇ ತುಂಡಿನ ಅಂಚಿಗೆ ಲೋಹದ ಪಿನ್ ಹೊಡೆದು ಕೀಲು ಮಾಡಿದ್ದಾರೆ. ಹೀಗೆ ಹಿಂದೆ ಮುಂದೆ ಆಡುವ ಕಡೆ ಎಬಿಎಸ್ ಹಾಕಬೇಕು, ಇಲ್ಲವೇ ಪಿಒಎಂ, ಎರಡೂ ಗಟ್ಟಿ ಜಾತಿಯ ಪ್ಲಾಸ್ಟಿಕ್. ಗಾಜಿನಂಥ ಪ್ಲಾಸ್ಟಿಕ್ ಬಾಗಲ್ಲ, ಸೀಳುತ್ತದೆ. ಮೂರನೇ ಸಲ ಕಾರು ಮಾಡುವಾಗಲೇ ಪಿನ್ನಿನ ಪಕ್ಕ ಕೂದಲೆಳೆಯಂಥ ಬಿಳಿ ಗೆರೆ ಬಂತು. ಮೊದಲು ಧೂಳು ಅಂದುಕೊಂಡು ಉಗುರಿನಿಂದ ಕೆರೆದೆ. ಧೂಳಲ್ಲ. ಬೆಳಕಿಗೆ ಹಿಡಿದರೆ ಒಳಗೇ ಓಡಿದೆ.

ಆಮೇಲಿಂದ ಕಾರು ಮಾಡೇ ಇಲ್ಲ. ಆರು ಸಾವಿರ ಕೊಟ್ಟು, ರೂಪ ಬದಲಿಸುವ ಆಟಿಕೆ ತಂದು, ರೂಪ ಬದಲಿಸೋಕೆ ಹೆದರಿ ಕೂತಿದ್ದೇನೆ. ಕೆಲವರು ಇದಕ್ಕೆ, ಸಂಗ್ರಹದ ವಸ್ತು ಅಲ್ವಾ, ಸುಮ್ನೆ ಷೋಕೇಸಿನಲ್ಲಿಡು ಅನ್ನುತ್ತಾರೆ. ಷೋಕೇಸಿಗೇ ಆದರೆ ಅಂಗಡಿಯಲ್ಲಿ ಇನ್ನೂರು ರೂಪಾಯಿಗೆ ಚೆಂದದ ಗೊಂಬೆ ಸಿಗುತ್ತದೆ. ಇಲ್ಲಿ ದುಡ್ಡು ಕೊಟ್ಟಿದ್ದೇ ಕೀಲಿಗೆ. ಆಕಾರದಲ್ಲಿ ಎಷ್ಟು ಬೇಕಾದರೂ ಸ್ವಾತಂತ್ರ್ಯ ತಗೊಳ್ಳಿ, ತಲೆ ಕುಂಬಳಕಾಯಿಯಷ್ಟು ಮಾಡಿ, ನನ್ನದೇನೂ ತಕರಾರಿಲ್ಲ. ಪಿನ್ನಿನಲ್ಲಿ ಸ್ವಾತಂತ್ರ್ಯ ಬೇಡ.

ಕಾರು ಮಾಡುವ ಕೊನೇ ಹಂತ ಮಾತ್ರ ಎಷ್ಟು ಚೆಂದ ಗೊತ್ತಾ? ಎರಡೂ ಕಾಲು ಮಡಚಿ ಕೂಡಿಸಿದರೆ ಕಾರಿನ ಹಿಂಭಾಗ. ಬೆರಳಿಂದ ಒತ್ತಿದರೆ 'ಟಕ್'. ಸಂದು ಮಾಯ. ಈ ಟಕ್ ಮಾಡಿದವನಿಗೆ ಛಾವಣಿಯ ಬುದ್ಧಿ ಯಾಕೆ ಬರಲಿಲ್ಲ ಅಂತಲೇ ನನ್ನ ಸಂಕಟ.

ಬೆಲೆ ಬಗ್ಗೆ ಜಾಸ್ತಿ ಹೇಳಲ್ಲ. ಆಮದು ಆಟಿಕೆ ಮೇಲಿನ ಸುಂಕ 2020ರಲ್ಲಿ 20ರಿಂದ 60 ಪರ್ಸೆಂಟ್ ಆಯಿತು, 2023ರಲ್ಲಿ 70. ನಾನು ಕೊಂಡಿದ್ದು ಬೆಂಗಳೂರಿನ ಸಂಗ್ರಾಹಕರೊಬ್ಬರ ಕೈಯಿಂದ, 6,200 ರೂಪಾಯಿಗೆ. ಬೆಳಗಾವಿಯಲ್ಲಿ ಕುಳಿತವನಿಗೆ ಮುಟ್ಟಿ ನೋಡಿ ಕೊಳ್ಳುವ ಅವಕಾಶ ಇಲ್ಲ. ಫೋಟೋ ನೋಡಿ ಮರುಳಾಗೋದೇ. ಫೋಟೋದಲ್ಲಿ ಸಡಿಲ ಕಾಲು ಕಾಣಲ್ಲ. ಮಾರುವವರಿಗೆ ಒಂದು ವಿಡಿಯೋ ಕೇಳಿ, ಸೊಂಟ ಹಿಡಿದು ಅಲ್ಲಾಡಿಸಿ ತೋರಿಸಿ ಅನ್ನಿ. ನಾನು ಕೇಳಲಿಲ್ಲ, ನಾಚಿಕೆ.

ಈಗ ಬಲಗಾಲಿನ ರಿಪೇರಿ ನಡೆದಿದೆ. ಹಳೇ ಉಪಾಯ. ಪಿನ್ನಿಗೆ ಬಣ್ಣವಿಲ್ಲದ ನೇಲ್ ಪಾಲಿಶ್ ತೆಳ್ಳಗೆ ಹಚ್ಚಿ, ಪೂರ್ತಿ ಒಣಗಿದ ಮೇಲೆ ಜೋಡಿಸಬೇಕು. ಒಂದು ರಾತ್ರಿ ಸಾಕು ಅನ್ನುತ್ತಾರೆ. ಅವರು ಆಷಾಢದಲ್ಲಿ ಬೆಳಗಾವಿಗೆ ಬಂದಿಲ್ಲ. ಮೂರು ದಿನ ಆಯಿತು, ಹಗ್ಗದ ಮೇಲಿನ ಬನಿಯನ್ನೇ ಒಣಗಿಲ್ಲ. ಕಾಲು ಕಳಚಿದ ರೋಬೋ ದೇವರ ಕೋಣೆಯ ಬಲ್ಬಿನ ಕೆಳಗೆ ಮಲಗಿದೆ. ಅವ್ವ ದಿನಾ ದೀಪ ಹಚ್ಚುವಾಗ ಅದನ್ನು ಆಚೆ ಸರಿಸುತ್ತಾಳೆ, ಹಚ್ಚಿದ ಮೇಲೆ ಮತ್ತೆ ಬಲ್ಬಿನ ಕೆಳಗೇ ತಂದಿಡುತ್ತಾಳೆ.