ಪರದೆಯ ಅಂಕಿ ನಂಬಿ ನೆಲ ಅಗೆಯಬಹುದೇ?

ಮಣ್ಣಿನಡಿ ಇರುವುದು ಚಿನ್ನವೋ ಕಬ್ಬಿಣವೋ ಎಂಬುದನ್ನು ಅಗೆಯುವ ಮೊದಲೇ ಮೆಟಲ್ ಡಿಟೆಕ್ಟರ್ ಖಚಿತವಾಗಿ ತಿಳಿಸುತ್ತದೆ ಎಂದು ಆ ಯಂತ್ರದ ಬಗ್ಗೆ ನಿಮ್ಮಲ್ಲಿ ಪ್ರಕಟವಾದ ಲೇಖನದಲ್ಲಿ ಲೇಖಕರು ಹೇಳಿರುವ ಮಾತನ್ನು ಒಪ್ಪಲಾಗದು. ಯಂತ್ರದ ಸುರುಳಿಯಿಂದ ಹೊರಡುವ ಕಾಂತಕ್ಷೇತ್ರವು ಲೋಹದಲ್ಲಿ ಸುಳಿ ವಿದ್ಯುತ್ತನ್ನು, ಅಂದರೆ ಲೋಹದೊಳಗೇ ಸುತ್ತುವ ವಿದ್ಯುತ್ ಪ್ರವಾಹವನ್ನು, ಹುಟ್ಟಿಸುತ್ತದೆ. ಮರಳಿ ಬರುವ ಸಂಕೇತ ಎಷ್ಟು ತಡವಾಗಿದೆ ಎಂಬುದನ್ನು ಅಳೆದು ಯಂತ್ರ ಒಂದು ಅಂಕಿ ತೋರಿಸುತ್ತದೆ, ಅಷ್ಟೇ. ಆ ಅಂಕಿಯಲ್ಲಿ ಲೋಹದ ವಿದ್ಯುತ್ ವಾಹಕತೆಯ ಜೊತೆಗೆ ವಸ್ತುವಿನ ಗಾತ್ರ, ದಪ್ಪ, ಆಕಾರ, ಅದು ನೆಲದೊಳಗೆ ಅಡ್ಡಲಾಗಿದೆಯೋ ನೆಟ್ಟಗಿದೆಯೋ ಎಂಬುದೆಲ್ಲ ಬೆರೆತಿರುವುದರಿಂದ, ತೆಳುವಾದ ಚಿನ್ನದ ಉಂಗುರವೂ ಮಾತ್ರೆ ಪಟ್ಟಿಯ ಅಲ್ಯೂಮಿನಿಯಂ ಹಾಳೆಯ ಚೂರೂ ಹೆಚ್ಚುಕಡಿಮೆ ಒಂದೇ ಅಂಕಿ ಕೊಡಬಲ್ಲವು. ಅಗಲವಾದ ಕಬ್ಬಿಣದ ತಗಡು ಬೆಳ್ಳಿ ಸಿಕ್ಕಾಗಿನಂತಹ ಸದ್ದನ್ನೇ ಯಂತ್ರದಿಂದ ಹೊರಡಿಸಬಲ್ಲದು. ನಾಣ್ಯದ ಪಕ್ಕದಲ್ಲೇ ತುಕ್ಕು ಹಿಡಿದ ಮೊಳೆಯಿದ್ದರೆ ನಾಣ್ಯದ ಸುಳಿವೇ ಸಿಗದಿರಬಹುದು.

ನಮ್ಮ ಚಿತ್ರದುರ್ಗ ಜಿಲ್ಲೆಯ ಹೊಸದುರ್ಗ, ಹೊಳಲ್ಕೆರೆ ಕಡೆಯ ಕಬ್ಬಿಣದ ಅದಿರಿರುವ ನೆಲದಲ್ಲಿ ಈ ತೊಡಕು ಇನ್ನೂ ಹೆಚ್ಚು. ಯಂತ್ರವನ್ನು ಮಣ್ಣಿಗೆ ಹೊಂದಿಸಿಕೊಂಡರೂ ಆಳದಲ್ಲಿರುವ ಒಳ್ಳೆಯ ಲೋಹ ಕಬ್ಬಿಣವೆಂದೇ ತೋರುವುದುಂಟು.

ನಿಧಿಯಾಸೆಗೆ ಹಾಳು ದೇಗುಲಗಳ ಬುಡ ಅಗೆಯುವವರ ಕೈಗೆ ಇಂತಹ ಭರವಸೆಯ ಬರಹ ಸಿಗುವುದು ನನಗೆ ನಿಜಕ್ಕೂ ಆತಂಕದ ಸಂಗತಿ. ಚಿತ್ರದುರ್ಗದ ಬಳಿಯ ಚಂದ್ರವಳ್ಳಿಯಲ್ಲಿ ಶಾತವಾಹನರ ಸೀಸದ ನಾಣ್ಯಗಳೂ ರೋಮನ್ ಬೆಳ್ಳಿ ನಾಣ್ಯಗಳೂ ದೊರೆತಿವೆ. 1947ರಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವ್ಹೀಲರ್ ಅಲ್ಲಿಯೂ ಇದೇ ಜಿಲ್ಲೆಯ ಬ್ರಹ್ಮಗಿರಿಯಲ್ಲಿಯೂ ಉತ್ಖನನ ನಡೆಸಿ ಪದರ ಪದರವಾಗಿ ಕಾಲ ಗುರುತಿಸಿದ್ದರಿಂದಲೇ ಇಂತಹ ವಸ್ತುಗಳಿಗೆ ಚರಿತ್ರೆಯ ಅರ್ಥ ಬಂದಿತು. ನಿಧಿ ಸಿಕ್ಕಿದವರು ಜಿಲ್ಲಾಧಿಕಾರಿಗೆ ತಿಳಿಸಲೇಬೇಕೆಂದು ಕಾನೂನು ಹೇಳುತ್ತದೆ. ಲೇಖನದಲ್ಲಿ ಈ ವಿಷಯವನ್ನೂ ಸೇರಿಸಬೇಕೆಂದು ಸಂಪಾದಕರನ್ನು ಕೋರುತ್ತೇನೆ.